ಅರ್ಧ ದಾರಿಯ ಬೇವಿನ ಗಿಡ

ಎಡಗಣ್ಣಿನ ಮೇಲೆ ಒದ್ದೆ ವಸ್ತ್ರ ಕಟ್ಟಿಕೊಂಡು, ಬಲಗಣ್ಣೊಂದನ್ನೇ ರಸ್ತೆಗೆ ನೆಟ್ಟು ಅವರು ಬಸ್ಸು ಓಡಿಸುತ್ತಿದ್ದರು. ನಿಜವಾಗಿ ಹಾಗಿತ್ತೇ, ಇಲ್ಲ ನನ್ನ ನೆನಪೇ ಆ ವಸ್ತ್ರವನ್ನು ಆಮೇಲೆ ಕಟ್ಟಿತೇ, ಖಾತ್ರಿಯಿಲ್ಲ. ಅರೆತಲೆನೋವು ಮಾತ್ರ ಖರೆ. ರಾಯಚೂರಿನ ನಮ್ಮ ಓಣಿಯ ಡ್ರೈವರ್ ಮಾಮಾ ಬೆಳಿಗ್ಗೆ ಹೊರಟು ದೇವದುರ್ಗ ಮುಟ್ಟುವುದರೊಳಗೆ ಅವರ ತಲೆಯ ಎಡಭಾಗ ಸಿಡಿಯುತ್ತಿತ್ತು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕೂಡಿಸಿದ್ದರು; ಅದರ ಅನಿಲದಿಂದಲೇ ಗಾಡಿ ಓಡಬೇಕು. ನೋವು ಶುರುವಾದದ್ದೂ ಆಗಲೇ. ಎಲ್ಲರೂ ಹೊಗೆಯನ್ನು ಬೈದರು. ಹೈದರಾಬಾದಿನಲ್ಲಿ ಓದುತ್ತಿದ್ದ ನಾನು ರಜೆಗೆ ಬಂದಾಗ, ಬಿಸಿಲಿನ ಝಳವೆಂದು ವಾದಿಸಿ ಕಪ್ಪು ಕನ್ನಡಕ ತಂದುಕೊಟ್ಟೆ.

"ಲೇ, ಇದನ್ನ ಹಾಕ್ಕೊಂಡ್ರ ನೋವೂ ಕರ್ರಗ ಕಾಣ್ತದ," ಎಂದು ನಕ್ಕರು.

ಬಸ್ಸಿನ ಮಾಲೀಕರು ನಗಲಿಲ್ಲ. "ಗಂಡಸಿಗೇನು ತಲಿನೋವ್ರೀ? ಇನ್ನೊಂದ್ಸಲ ಒಂದ ಕಣ್ಣಾಗ ಬಸ್ಸು ಹೊಡದ್ರ ಮಾನ್ವಿಯಿಂದ ಬ್ಯಾರೆ ಡ್ರೈವರನ್ನ ಕರಸ್ತೀನಿ."

ಸ್ಟಿಯರಿಂಗ್ ಬಿಟ್ಟರೆ ಮಾಮಾನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಗಂಟು ಬಿಡಿಸಿದ್ದು ಅವರ ಹೆಂಡತಿ. "ಹೊಗಿ ನನಗೇನು ಹೊಸಾದೇನ್ರೀ? ದಿನಾ ಒಲಿ ಮುಂದ ಕುಂದರ್ತೀನಿ. ನಿಮ್ಮ ಹೊಟ್ಟಿ ನೋಡ್ಕೋರಿ."

ಮಾಮಾ ಲಿಂಗಪೂಜೆ ಮಾಡದೆ ತುತ್ತು ಮುಟ್ಟುವವರಲ್ಲ. ಮೊದಲೆಲ್ಲ ಪೂಜೆ, ರೊಟ್ಟಿ, ಆಮೇಲೆ ಬಸ್ಸು. ಈಗ ಇದ್ದಿಲು ಹೊತ್ತಿಸಿ ಗಾಳಿ ಹಾಕುವುದರಲ್ಲೇ ಮುಂಜಾನೆ ಮುಗಿಯುತ್ತಿತ್ತು. ಮಸಿ ಮೈಯಲ್ಲಿ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ದೇವದುರ್ಗದಲ್ಲಿ ಸ್ನಾನವಾಗುವ ತನಕ ಬರಿಹೊಟ್ಟೆ.

ಮರುದಿನ ನಾನೂ ಬಸ್ಸಿನಲ್ಲಿದ್ದೆ. ಅರ್ಧ ದಾರಿಯಲ್ಲಿ ಒಂದು ಬಾವಿ, ಬೇವಿನ ಗಿಡ. ಅಲ್ಲಿ ಬಸ್ಸು ನಿಲ್ಲಿಸಿ, ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಕೂತುಬಿಟ್ಟರು.

"ಯಪ್ಪಾ, ನಮ್ಮನ್ನ ದೇವದುರ್ಗಕ್ಕ ಒಯ್ತೀಯೋ, ಕೈಲಾಸಕ್ಕೋ?" ಮುದುಕಿಯೊಬ್ಬಳು ಕಿಟಕಿಯಿಂದ ಕೆಣಕಿದಳು.

ಮಾಮಾ ರೊಟ್ಟಿ ಮುರಿಯುತ್ತ, "ದೇವದುರ್ಗಕ್ಕೇ ಯವ್ವಾ. ಎರಡೂ ಕಣ್ಣು ತೆರಕೊಂಡು ಒಯ್ತೀನಿ," ಎಂದರು.

ಒಯ್ದರು. ದಾರಿಯಲ್ಲಿ ಬಸ್ಸು ನಿಲ್ಲಿಸುತ್ತಾರೆಂದು ದೂರು ಹೋದಾಗ ಮಾಲೀಕರೇ ಒಂದು ದಿನ ಬಸ್ಸು ಹತ್ತಿ ಬಂದು, ಮಾಮಾನ ಎರಡೂ ಕಣ್ಣು ತೆರೆದಿರುವುದನ್ನು ನೋಡಿ, "ನಿಲ್ಲಸ್ರಿ, ಆದ್ರ ಲಗೂನ ಉಣ್ರಿ," ಎಂದಷ್ಟೇ ಹೇಳಿದರು. ನೋವಿಗೆ ಹಸಿವೊಂದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ನಿದ್ದೆಗೇಡು, ಬಿಸಿಲು, ಹೊಗೆ ಎಲ್ಲಕ್ಕೂ ಪಾಲಿತ್ತೇನೋ. ಮಾನ್ವಿಯ ಡ್ರೈವರ್ ಮಾತ್ರ ಬರಲೇ ಇಲ್ಲ.

ಮಾಮಾ ತೀರಿಕೊಂಡ ಮೇಲೆ, ಆ ಗಿಡವೂ ನನ್ನ ಕಲ್ಪನೆಯೇ ಎಂಬ ಅನುಮಾನ ಕಾಡಿ ದೇವದುರ್ಗದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ, ಊರೂ ಇಲ್ಲದ, ಅಡ್ಡದಾರಿಯೂ ಇಲ್ಲದ ಕಡೆ, ಬೇವಿನ ಗಿಡದ ಕೆಳಗೆ ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ, ಇಳಿಯಲಿಲ್ಲ. ಯಾಕೆಂದು ಕೇಳಿದೆ.

"ಮೊದಲಿಂದಾನೂ ಇಲ್ಲಿ ಸ್ಟಾಪ್ ಅದರೀ," ಎಂದ ಕಂಡಕ್ಟರ್.