ಮೂಗಿನ ಮೇಲೆ ಬೆರಳು

ಡುಲೂತ್ ಊರಿನ ಗುಡ್ಡದ ಮೇಲೆ ಹಸಿರು ಬಣ್ಣ ಹೊಡೆದ ಮರದ ಮನೆಯೊಂದಿತ್ತು. ತೊಂಬತ್ತನಾಲ್ಕನೇ ಇಸವಿಯಲ್ಲಿ ಅಲ್ಲಿ ಮೂವರು ಬಾಡಿಗೆಗಿದ್ದರು. ಕರ್ಟಿಸ್ ಲಾಹ್ಟಿ, ಗೋರ್ಡಿ ಬ್ರಾಂಡ್‌ವೋಲ್ಡ್, ರೆನೇ ಎಂಬ ಹುಡುಗಿ. ಮೂವರೂ ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಬೀದಿಯವರು ಅದನ್ನು ಸೋಮಾರಿಗಳ ಮನೆ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಕರ್ಟಿಸ್ ಭೂಗೋಳ ಓದಿದವನು. ವಾರಕ್ಕೆ ಎರಡು ದಿನ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಿಲ್ಲುತ್ತಿದ್ದ, ಮಿಕ್ಕ ಐದು ದಿನ ನಡುಮನೆಯ ಸೋಫಾದ ಮೇಲೆ ಮಲಗುತ್ತಿದ್ದ. ಆ ಸೋಫಾ ಯಾರೋ ಬೀದಿಗೆ ಎಸೆದದ್ದು. ಗೋರ್ಡಿ ಜೆರಾಕ್ಸ್ ಅಂಗಡಿಯಲ್ಲಿದ್ದ. ಅವನೂ ಕರ್ಟಿಸನೂ ಸೇರಿ ಒಂದು ವಾದ್ಯಗೋಷ್ಠಿ ಕಟ್ಟಿದ್ದರು. ಅದಕ್ಕೆ ಹೆಸರು ಹುಡುಕುವುದರಲ್ಲೇ ಹದಿನಾಲ್ಕು ತಿಂಗಳು ಹೋಗಿತ್ತು, ಹಾಡು ಒಂದೂ ಇರಲಿಲ್ಲ. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಯ ಕಾರ್ನ್ ಫ್ಲೇಕ್ಸನ್ನೇ ಹಾಲಿಗೆ ಹಾಕಿಕೊಂಡು ತಿನ್ನುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಏನಾದರೂ ಕೆಲಸ ಬಂತೆಂದರೆ ಮೂವರೂ ತಕ್ಷಣ ಮೂಗಿನ ಮೇಲೆ ಬೆರಳಿಡಬೇಕು. ಆಶ್ಚರ್ಯಕ್ಕಲ್ಲ, ತಪ್ಪಿಸಿಕೊಳ್ಳಲು. ಯಾರ ಬೆರಳು ಕೊನೆಗೆ ಮೂಗು ಮುಟ್ಟಿತೋ ಕೆಲಸ ಅವರ ತಲೆಗೆ.

ಅಕ್ಟೋಬರ್ ಹದಿನಾರು, ಭಾನುವಾರ. ಗೋರ್ಡಿ ತನ್ನ ಡ್ರಮ್ಮುಗಳನ್ನು ನೆಲಮಾಳಿಗೆಗೆ ಇಳಿಸುತ್ತಿದ್ದ. ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸಿನ ದೊಡ್ಡ ಒಲೆ ಅಲ್ಲೇ ಇತ್ತು, ಅದರ ಪಕ್ಕದ ಕೋಣೆಯಲ್ಲೇ ಗೋರ್ಡಿಯ ಹಾಸಿಗೆ. ದೊಡ್ಡ ಡ್ರಮ್ಮಿನ ಅಂಚು ಒಲೆಯ ಹೊಗೆ ಕೊಳವೆಗೆ ತಗುಲಿ ಅದರ ಕೀಲು ಬಿಟ್ಟುಕೊಂಡಿತು. ಅದಕ್ಕೆ ಬೆಳ್ಳಿ ಬಣ್ಣದ ಅಂಟುಪಟ್ಟಿ ಸುತ್ತಿ ಮೇಲೆ ಬಂದ ಗೋರ್ಡಿ, ಮನೆಯ ಯಜಮಾನನಿಗೆ ಫೋನ್ ಮಾಡಿ ಹೇಳಬೇಕು ಎಂದ. ಎಂದವನೇ ಮೂಗು ಮುಟ್ಟಿಕೊಂಡ. ರೆನೇಯೂ ಮುಟ್ಟಿಕೊಂಡಳು. ಕರ್ಟಿಸನ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ. ಬಟ್ಟಲು ಕೆಳಗಿಡುವಷ್ಟರಲ್ಲಿ ತಡವಾಗಿತ್ತು.

ಯಜಮಾನ ಚಳಿಗಾಲದಲ್ಲಿ ಅರಿಜೋನಾದಲ್ಲಿರುತ್ತಿದ್ದ. ಕರ್ಟಿಸ್ ಒಂದು ಸಲ ಫೋನ್ ಮಾಡಿದ, ಎಂಗೇಜ್ ಇತ್ತು. ತನ್ನ ಕೆಲಸ ಮುಗಿಯಿತು ಅಂದುಕೊಂಡ.

ಒಲೆಯ ಕಾವಿಗೆ ಅಂಟುಪಟ್ಟಿ ಒಣಗಿ ಹತ್ತು ದಿನಕ್ಕೇ ಉದುರಿತು. ಚಿಮಣಿಯಿಂದ ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ಅಂದಿನಿಂದ ಮನೆಯೊಳಗೇ ಸ್ವಲ್ಪ ಸ್ವಲ್ಪ ಸೇರತೊಡಗಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಕೂಡ ಬರಿಸುವುದಿಲ್ಲ. ತಲೆ ನೋಯುತ್ತದೆ, ಕೈಕಾಲು ಭಾರವಾಗುತ್ತದೆ, ನಿದ್ದೆ ಬರುತ್ತದೆ. ಬೇರೆ ಯಾವ ಮನೆಯಲ್ಲಾದರೂ ಇಷ್ಟಾದರೆ ಡಾಕ್ಟರನ್ನು ಕರೆಯುತ್ತಿದ್ದರು. ಈ ಮನೆಯಲ್ಲಿ ಮೂವರು ಮಧ್ಯಾಹ್ನದವರೆಗೆ ಮಲಗಿದರೆ ಅದರಲ್ಲಿ ಹೊಸತೇನು?

ನವೆಂಬರಿನಲ್ಲಿ ಮೊದಲ ಹಿಮ ಬಿತ್ತು. ಆ ಕಡೆ ಚಳಿಗಾಲ ಬಂತೆಂದರೆ ಕಿಟಕಿಗಳಿಗೆ ಒಳಗಿನಿಂದ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿಯುತ್ತಾರೆ. ಹಾಳೆ ಬಿಗಿದು ಡೋಲಿನ ಚರ್ಮದಂತಾಗುತ್ತದೆ. ಆ ಸಲ ಯಾಕೋ ಮೂವರಿಗೂ ಹುರುಪು ಬಂತು. ಬಾಜಿ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಹಾಸ್ಯ ಮಾಡಿಕೊಂಡು ಹನ್ನೊಂದು ಕಿಟಕಿಗೂ ಅಂಟಿಸಿದರು. ಕರ್ಟಿಸ್ ಹಿಂಬಾಗಿಲ ಸಂದಿಗೂ ಬಟ್ಟೆ ತುರುಕಿದ. ಒಂದೇ ಒಂದು ಸುಕ್ಕಿರಲಿಲ್ಲ. ಎರಡು ವರ್ಷದಲ್ಲಿ ಆ ಮನೆಯವರು ಪೂರ್ತಿಯಾಗಿ, ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ.

ಅಲ್ಲಿಂದ ಮುಂದೆ ಸೋಮಾರಿತನ ಬೇರೆ ಬಗೆಯದಾಯಿತು. ಟೀವಿ ನೋಡುತ್ತ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಗೋರ್ಡಿ ಒಂದು ದಿನ ಹಾಲಿನ ಡಬ್ಬವನ್ನು ಬೀರುವಿನಲ್ಲೂ ಬಟ್ಟಲನ್ನು ಫ್ರಿಜ್ಜಿನಲ್ಲೂ ಇಟ್ಟ. ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕಿದ್ದಕ್ಕೇ ಆಯಾಸವಾಗಿ ಮಲಗಿದರು.

ನವೆಂಬರ್ ಕೊನೆಯ ಹಬ್ಬಕ್ಕೆ ಕರ್ಟಿಸ್ ಮೂರು ದಿನ ಪಕ್ಕದ ಊರು ಕ್ಲೋಕೆಯಲ್ಲಿದ್ದ ತಾಯಿಯ ಮನೆಗೆ ಹೋದ. ಅಲ್ಲಿ ಏಳಕ್ಕೇ ಎಚ್ಚರವಾಯಿತು. ಸೌನಾ ಎಂಬ ಆವಿಸ್ನಾನದ ಕೋಣೆಗೆ ಸೌದೆ ಒಡೆದ, ಎರಡು ಸಲ ಬಡಿಸಿಕೊಂಡು ತಿಂದ. ತಾಯಿ ಐಲಿ, ನನ್ನ ಕಣ್ಣೆದುರು ಇದ್ದರೆ ಮನುಷ್ಯನಾಗುತ್ತೀಯ, ಆ ಹುಡುಗರ ಸಹವಾಸವೇ ನಿನಗೆ ಬಡಿದಿರುವ ರೋಗ ಎಂದಳು. ರೋಗ ಎಂಬ ಮಾತು ಅವಳ ಬಾಯಲ್ಲೇ ಬಂತು, ಆದರೆ ಇಬ್ಬರೂ ಅದನ್ನು ಬೈಗುಳವೆಂದೇ ತಿಳಿದರು. ಹಸಿರು ಮನೆಗೆ ಮರಳಿದ ಮಾರನೇ ದಿನ ಅವನು ಎದ್ದದ್ದು ಮಧ್ಯಾಹ್ನ ಒಂದಕ್ಕೆ.

ಡಿಸೆಂಬರಿನಲ್ಲಿ ರೆನೇ ಗಂಟುಮೂಟೆ ಕಟ್ಟಿದಳು. ನಿಮ್ಮ ಜೊತೆ ಇದ್ದರೆ ನಾನೂ ಕೊಳೆತು ಹೋಗುತ್ತೇನೆ ಎಂದು ಹೇಳಿಯೇ ಹೋದಳು. ವಾರ ಬಿಟ್ಟು ಫೋನ್ ಮಾಡಿದಳು.

"ಏಳು ಗಂಟೆಗೆ ಏಳ್ತಿದೀನಿ ಕಣ್ರೋ. ತಲೆನೋವೂ ಇಲ್ಲ. ನಿಮ್ಮಿಬ್ರ ಮುಖ ನೋಡೋದು ತಪ್ಪಿದ್ದೇ ತಡ, ಎಲ್ಲಾ ವಾಸಿ ಆಯ್ತು."

"ನಮ್ಮ ಮುಖಕ್ಕೆ ಅಷ್ಟು ಶಕ್ತಿ ಇದೆ ಅಂತ ಗೊತ್ತಿದ್ರೆ ಟಿಕೆಟ್ ಇಡ್ತಿದ್ವಿ," ಎಂದ ಗೋರ್ಡಿ.

ಆಗ ಮೂವರಲ್ಲಿ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವಳು ಹೇಳಿದ್ದು ಹುಡುಗರಿಬ್ಬರಿಗೂ ನಾಟಿತು, ತಾವು ಇಷ್ಟೇ ಎಂದು ಒಪ್ಪಿಕೊಂಡುಬಿಟ್ಟರು. ಕರ್ಟಿಸ್ ಮೂರು ದಿನ ತಡವಾಗಿ ಹೋದದ್ದಕ್ಕೆ ಕ್ಯಾಸೆಟ್ ಅಂಗಡಿಯ ಕೆಲಸವೂ ಹೋಯಿತು. ಗೋರ್ಡಿ ನೆಲಮಾಳಿಗೆಯಿಂದ ಮೇಲೆ ಬರುವುದೇ ಕಡಿಮೆಯಾಯಿತು. ಅಲ್ಲಿ ಬೆಚ್ಚಗಿರುತ್ತದೆ ಎನ್ನುತ್ತಿದ್ದ.

ಜನವರಿಯ ಎರಡನೇ ಮಂಗಳವಾರ ಐಲಿ ಕಾರು ತಂದು ಮನೆಯ ಮುಂದೆ ನಿಲ್ಲಿಸಿ, ಮಗ ಹೊರಬರುವವರೆಗೆ ಹಾರ್ನ್ ಒತ್ತಿದಳು. ಚರ್ಚಿನಲ್ಲಿ ಪರಿಚಯದವರೊಬ್ಬರ ಮರದ ಡಿಪೋದಲ್ಲಿ ಅವನಿಗೊಂದು ಕೆಲಸ ಹೇಳಿಟ್ಟಿದ್ದಳು.

ಆ ದಿನ ಕರ್ಟಿಸ್ ಎಂಟು ಗಂಟೆ ಹೊತ್ತು ಬಯಲಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ ಹಲಗೆ ಹೊತ್ತು ಜೋಡಿಸಿದ. ಮೊದಲ ಎರಡು ಗಂಟೆ ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಕಣ್ಣಿನ ಹಿಂದಿನ ನೋವು ನಿಧಾನಕ್ಕೆ ಇಳಿಯಿತು. ಕಾಫಿಯ ಹೊತ್ತಿಗೆ ಬೇರೆಯವರ ಹಾಸ್ಯಕ್ಕೆ ತಿರುಗಿ ಹಾಸ್ಯ ಹೇಳಿದ. ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನಿಮ್ಮಮ್ಮ ನಿನ್ನ ಸೋಮಾರಿ ಅಂದಿದ್ರಲ್ಲ. ನನಗೇನೂ ಹಾಗೆ ಕಾಣ್ತಿಲ್ಲ," ಎಂದ. ಅಂತೂ ದುಡಿಮೆಯೇ ಮದ್ದು, ಗೋರ್ಡಿಯನ್ನೂ ನಾಳೆ ಎಳೆದುಕೊಂಡು ಬರಬೇಕು ಎಂದು ಕರ್ಟಿಸ್ ನಿಶ್ಚಯಿಸಿದ.

ನಾಲ್ಕಕ್ಕೆ ಮನೆಗೆ ಬಂದ. ಫೋನಿನ ಮಾತು ಹಿಡಿದಿಡುವ ಯಂತ್ರದಲ್ಲಿ ಜೆರಾಕ್ಸ್ ಅಂಗಡಿಯವನ ಮೂರು ಕರೆಗಳಿದ್ದವು. ಗೋರ್ಡಿ ಎಲ್ಲಿ, ಗೋರ್ಡಿ ಯಾಕೆ ಬಂದಿಲ್ಲ. ಕರ್ಟಿಸ್ ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ನಿಂತು ಕೂಗಿದ.

"ಲೋ ಗೋರ್ಡಿ, ಎದ್ದೇಳೋ. ಗಂಟೆ ನಾಲ್ಕಾಯ್ತು. ನಾಚಿಕೆ ಆಗಲ್ವೇನೋ ನಿಂಗೆ?"

ಕೆಳಗಿನಿಂದ ಏನೋ ಗೊಣಗಿದಂತಾಯಿತು. ಐದು ನಿಮಿಷ ಎಂದಿರಬೇಕು ಅಂದುಕೊಂಡು ಕರ್ಟಿಸ್ ಅಲ್ಲೇ ನಿಂತು ಉಪದೇಶ ಮಾಡಿದ. ತಾಯಿ ತನಗೆ ಬೈದದ್ದನ್ನೆಲ್ಲ ಸಾಲು ಬಿಡದೆ ಅವನಿಗೆ ಬೈದ. ಮನಸ್ಸಿಗೆ ಹಿತವಾಯಿತು. ಬಂದು ಸೋಫಾದ ಮೇಲೆ ಕೂತು ಬೂಟು ಬಿಚ್ಚತೊಡಗಿದ.

ಒಂದು ಬೂಟು ಬಿಚ್ಚಿದ. ಇನ್ನೊಂದರ ದಾರ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತನೋ. ಗಡಿಯಾರ ನೋಡಿದಾಗ ನಾಲ್ಕೂ ಮುಕ್ಕಾಲು. ಬೆಳಿಗ್ಗೆ ಬಿಟ್ಟುಹೋಗಿದ್ದ ತಲೆನೋವು ಇದೇ ಕೋಣೆಯಲ್ಲಿ ಕೂತು ಅವನಿಗಾಗಿ ಕಾದಿದ್ದಂತೆ ಮತ್ತೆ ಹತ್ತಿಕೊಂಡಿತ್ತು. ಎಂಟು ಗಂಟೆ ಹಲಗೆ ಹೊತ್ತವನಿಗೆ ಈಗ ಒಂದು ದಾರ ಬಿಚ್ಚಲು ಆಗುತ್ತಿರಲಿಲ್ಲ.

ಇದು ನಾನಲ್ಲ, ಎಂದುಕೊಂಡ. ಇದು ಮನೆ.

ಮುಂದಿನ ಯೋಚನೆ ಬರಲು ಇನ್ನೂ ಒಂದು ನಿಮಿಷ ಹಿಡಿಯಿತು. ಕೊಳವೆ. ತಾನು ಮಾಡಬೇಕಿದ್ದ ಫೋನು.

ಹತ್ತಿರದ ಕಿಟಕಿಗೆ ಉಗುರು ಹಾಕಿ ಎಳೆದ. ಪ್ಲಾಸ್ಟಿಕ್ ಕದಲಲಿಲ್ಲ, ಅಂಟಿಸಿದವನು ಅವನೇ. ಮುಂಬಾಗಿಲನ್ನು ಹಾರುಹೊಡೆದು ನೆಲಮಾಳಿಗೆಗೆ ಇಳಿದ. ಗೋರ್ಡಿ ಅಂಗಾತ ಮಲಗಿದ್ದ. ಕೆನ್ನೆ ಕೆಂಪಗೆ, ಈಗ ತಾನೇ ಹಿಮದಲ್ಲಿ ಆಡಿ ಬಂದ ಮಗುವಿನಂತಿತ್ತು. ಅಲುಗಿಸಿದರೆ ತಲೆ ಅತ್ತ ಬಿತ್ತು, ಇತ್ತ ಬಿತ್ತು. ಕರ್ಟಿಸ್ ಅವನ ಕಂಕುಳಿಗೆ ಕೈ ಹಾಕಿ ಹಿಮ್ಮುಖವಾಗಿ ಮೆಟ್ಟಿಲು ಹತ್ತಿದ. ಹದಿಮೂರು ಮೆಟ್ಟಿಲು. ಒಂಬತ್ತನೆಯದರಲ್ಲಿ ಕಾಲು ಕುಸಿಯಿತು. ಅಲ್ಲೇ ಒಂದಿಷ್ಟು ಮಲಗಿ ಏಳೋಣ ಎಂಬ ಆಸೆ ಅವನಿಗೆ ಹಿಂದೆಂದೂ ಅಷ್ಟು ಬಲವಾಗಿ ಬಂದಿರಲಿಲ್ಲ. ಬಾಗಿಲಿನಿಂದ ಬಂದ ಚಳಿ ಮುಖಕ್ಕೆ ಹೊಡೆಯಿತು. ಕೂತುಕೊಂಡೇ ಒಂದೊಂದು ಮೆಟ್ಟಿಲಾಗಿ ಎಳೆದು ಅವನನ್ನು ಹಿಮದ ಮೇಲೆ ಹಾಕಿದ.

ಎದುರು ಮನೆಯವರು ನೋಡಿ ಆಂಬುಲೆನ್ಸಿಗೆ ಹೇಳಿದರು. ಈ ಹುಡುಗರ ಇನ್ನೊಂದು ಹುಚ್ಚಾಟ ಎಂದುಕೊಂಡು ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದರಂತೆ.

ಗೋರ್ಡಿ ಬದುಕಿದ. ಹನ್ನೆರಡು ದಿನಕ್ಕೆ ಕಣ್ಣು ಬಿಟ್ಟ. ಆದರೆ ಚಮಚ ಕೈಗೆ ಕೊಟ್ಟರೆ ಹಿಡಿದುಕೊಂಡೇ ಕೂರುತ್ತಿದ್ದ. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಕೇಳಿದವರು ಎದ್ದು ಹೋದ ಮೇಲೆ.

ಮಾರ್ಚಿನಲ್ಲಿ ಅವನ ಅಕ್ಕ ಮಾರ್ಲಿಸ್ ಫಾರ್ಗೋದಿಂದ ಬಂದಳು, ತಮ್ಮನ ಸಾಮಾನು ಒಯ್ಯಲು. ಆರು ವರ್ಷದಿಂದ ಅವಳು ತಮ್ಮನ ಜೊತೆ ಇದ್ದವಳಲ್ಲ. ಡಾಕ್ಟರು ಕೆಲವು ವಿಷಯ ತಿಳಿದುಕೊಂಡು ಬರಲು ಹೇಳಿದ್ದರು. ಚೀಟಿ, ಪೆನ್ನು ಹಿಡಿದು ಅಡುಗೆಮನೆಯಲ್ಲಿ ಕರ್ಟಿಸನ ಎದುರು ಕೂತಳು.

"ಅವನು ಮೊದಲಿಂದ್ಲೂ ಹೀಗೇ ಇದ್ನಾ? ಮುಲಾಜಿಲ್ಲದೆ ನಿಜ ಹೇಳಪ್ಪಾ. ಜನ ಏನೇನೋ ಹೇಳ್ತಾರೆ. ನಿಮ್ಮ ಮನೇಲಿ ಎಲ್ರೂ ಹೀಗೇನಂತೆ."

ಕರ್ಟಿಸ್ ನೆನಪು ಮಾಡಿಕೊಂಡ. ಗೋರ್ಡಿ ಮಧ್ಯಾಹ್ನದವರೆಗೆ ಮಲಗುತ್ತಿದ್ದ. ಕೆಲಸಕ್ಕೆ ತಪ್ಪಿಸುತ್ತಿದ್ದ. ಮಾತು ಮರೆಯುತ್ತಿದ್ದ. ಯಾವುದು ಗೋರ್ಡಿ, ಯಾವುದು ಗಾಳಿ ಎಂದು ಬಿಡಿಸಲು ಹೋದರೆ ಬರಲಿಲ್ಲ. ಹೌದು, ಹೀಗೇ ಇದ್ದ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅದನ್ನು ನಂಬಲು ಸಿದ್ಧಳಾಗಿಯೇ ಬಂದಿದ್ದಳು.

"ಇಲ್ಲ ಅಕ್ಕ," ಎಂದ. "ಹೀಗಿರ್ಲಿಲ್ಲ."

"ಹಾಗಾದ್ರೆ ಎಲ್ಲಿಂದ ಶುರು?"

"ಅಕ್ಟೋಬರ್ ಹದಿನಾರು."

ಬರೆಯುತ್ತಿದ್ದವಳು ಕತ್ತೆತ್ತಿದಳು. "ಅಷ್ಟು ಸರಿಯಾಗಿ ನಿಂಗೆ ಹೇಗೆ ಗೊತ್ತು?"

ಕರ್ಟಿಸ್ ಹೇಳಿದ. ಒಂದನ್ನೂ ಬಿಡಲಿಲ್ಲ. ಅವಳು ಅದನ್ನೂ ಬರೆದುಕೊಂಡಳು.