ಭಾರ ಯಾರ ಮ್ಯಾಲ ಅದ?

ಫಿಟ್ಟರ್ ಕಾಕಾನ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಅರ್ಧಕ್ಕೇ ನಿಂತಿದ್ದವು. ಆ ಮೊಂಡು ಬೆರಳುಗಳ ನಡುವೆ ಬೀಡಿ ಸಿಕ್ಕಿಸಿಕೊಂಡು, ಅವುಗಳಿಂದಲೇ ನನ್ನ ತಪ್ಪುಗಳನ್ನು ತೋರಿಸುತ್ತಿದ್ದರು. ಬೆರಳು ಹೇಗೆ ಹೋದವು ಎಂದು ಮೊದಲ ದಿನವೇ ಕೇಳಿದ್ದೆ.

"ಒಂದ್ಸಲ ಕೇಳೂದು ಮರತೆ," ಎಂದರು.

ಏನನ್ನು ಕೇಳುವುದು, ಯಾರನ್ನು ಕೇಳುವುದು, ಅದನ್ನು ಹೇಳಲಿಲ್ಲ. ತಲೆ ನೆಟ್ಟಗಿಲ್ಲದ ಮುದುಕ ಎಂದುಕೊಂಡೆ.

ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಜೀವಮಾನವಿಡೀ ಫಿಟ್ಟರ್ ಆಗಿದ್ದು, ಕಣ್ಣು ಮಂಜಾದ ಮೇಲೆ ಮನೆ ಸೇರಿದವರು. ನಮ್ಮ ಓಣಿಗೆಲ್ಲ ಅವರು ಫಿಟ್ಟರ್ ಕಾಕಾ. ಅವರ ಬಗ್ಗೆ ನನಗೆ ಗೌರವವಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಧೋತರಕ್ಕೆ ಸದಾ ಸೀಮೆಎಣ್ಣೆ ವಾಸನೆ. ಚಹಾವನ್ನು ಬಸಿಗೆ ಸುರಿದು ಓಣಿಗೆಲ್ಲ ಕೇಳುವಂತೆ ಹೀರುವುದು. ಯಂತ್ರದ ಯಾವ ಭಾಗಕ್ಕೂ ಹೆಸರಿಲ್ಲ, ಎಲ್ಲವೂ "ಅದು", ಇಲ್ಲವೆ "ಅದರ ಮಗ್ಗಲದ್ದು". ಅವರಿಗೂ ನನ್ನ ಬಗ್ಗೆ ಅಷ್ಟೇ ಗೌರವವಿತ್ತು. ಆ ಮಟ್ಟಿಗೆ ನಾವು ಸರಿಜೋಡಿ.

ಕಾರು ಅಪ್ಪನದು. ಬೆಣ್ಣೆ ಬಣ್ಣದ, ದುಂಡು ಮೂತಿಯ ಹಳೆಯ ಪುಟ್ಟ ಕಾರು. ಅಪ್ಪ ಹೋದ ಮೇಲೆ ಹಿತ್ತಲ ಬೇವಿನ ಮರದ ಕೆಳಗೆ ನಿಂತಿದ್ದು ನಿಂತೇ ಇತ್ತು. ರಾಯಚೂರಿನಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು ಎಂಜಿನ್ ಬಿಗಿದುಕೊಂಡಿದೆ, ಗುಜರಿಗೆ ಹಾಕಿ ಎಂದು ಕೈ ಝಾಡಿಸಿಕೊಂಡು ಹೋದರು. ಅಣ್ಣನಿಗೆ ಅಷ್ಟೇ ಬೇಕಿತ್ತು.

"ಯುಗಾದಿತನಾ ನೋಡ್ತೀನಿ," ಎಂದ. "ಅಷ್ಟ್ರಾಗ ಎಂಜಿನ್ ಹೊರಗ ಬಂದ್ರ ಬಂತು. ಇಲ್ಲಂದ್ರ ಗುಜರಿಯಾವ ಬರ್ತಾನ."

ನಾನೇ ತೆಗೆಯುತ್ತೇನೆ ಎಂದೆ. ಅಲ್ಲಿಯವರೆಗೆ ಕೈಯಲ್ಲಿ ಬೋಲ್ಟ್ ಬಿಚ್ಚುವ ಪಾನಾ ಹಿಡಿದವಳಲ್ಲ. ಆದರೆ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ಮೇಲೆ ನಾಲ್ಕು ವಿಡಿಯೋ ನೋಡಿದ್ದೆ. ಅಷ್ಟು ಸಾಕೆಂಬ ಸೊಕ್ಕು. ಹಳೆಯ ಕಾರಿಗೆ ಹಾರ ಹಾಕಿ, ಕಪ್ಪು ಕನ್ನಡಕ ಏರಿಸಿ ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈಯುರಿ. ನಾನು ಆ ಜಾತಿಯಲ್ಲ ಎಂದು ತೋರಿಸಬೇಕಿತ್ತು. ಕಾಕಾನನ್ನು ಕರೆದದ್ದು ಅವರ ಬಳಿ ಭಾರ ಎತ್ತುವ, ಗಿರಣಿಯ ಹಳೆಯ ಚೈನ್ ರಾಟೆ ಇತ್ತೆಂಬ ಕಾರಣಕ್ಕೆ ಮಾತ್ರ.

ಅವರು ರಾಟೆಯ ಜೊತೆ ತಾವೂ ಬಂದರು. ಬೇವಿನ ಕೊಂಬೆಗೆ ಅದನ್ನು ಕಟ್ಟಿಸಿ, ಕಟ್ಟೆಯ ಮೇಲೆ ಕೂತು ನನ್ನ ಕೆಲಸ ನೋಡಿದರು. ನಾನು ಬಾನೆಟ್ ತೆಗೆದೆ, ನೀರು, ಎಣ್ಣೆ ಬಸಿದೆ, ರೇಡಿಯೇಟರ್ ಬಿಚ್ಚಿದೆ. ಒಂದೊಂದು ಬೋಲ್ಟನ್ನೂ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಚೀಟಿ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಣ್ಣೆಗೈ ತಾಗಿ ಅಕ್ಷರವೆಲ್ಲ ಅಳಿಸಿಹೋಗಿತ್ತು.

"ಈಗ ಓದ್ರಿ ಮೇಡಂ," ಎಂದು ನಕ್ಕರು. "ಬಿಚ್ಚಿದ ಬೋಲ್ಟ್ ಅದರ ತೂತಿಗೇ ತಿರುಗಿಸಿ ಇಡಬೇಕು. ತನ್ನ ಮನಿಯಾಗ ತಾನು ಇರ್ಲಿ."

ಪ್ರತಿ ಬೋಲ್ಟಿಗೆ ಪಾನಾ ಇಡುವ ಮುಂಚೆ ಒಂದೇ ಪ್ರಶ್ನೆ: "ಭಾರ ಯಾರ ಮ್ಯಾಲ ಅದ?" ನೀರಿನ ಪೈಪು ಬಿಚ್ಚುವಾಗಲೂ ಅದೇ. ಮಕ್ಕಳಿಗೆ ಭಾರದ ಪಾಠ ಹೇಳುವವಳಿಗೆ ಈ ಹೆಬ್ಬೆಟ್ಟಿನ ಮನುಷ್ಯ ಪರೀಕ್ಷೆ ಇಡುತ್ತಾನಲ್ಲ ಎಂದು ಉತ್ತರ ಕೊಡುವುದನ್ನೇ ಬಿಟ್ಟೆ.

ಸಂಜೆ ಏಳುವಾಗ ಹೇಳಿದರು: "ನಾಳಿ ಮುಂಜಾನಿ ಎಂಜಿನ್ ಇಳಸೂಣು. ನಾ ಬರೂತನಾ ಸುಮ್ನ ಕುಂದರ್ರಿ."

ಸುಮ್ಮನೆ ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಇಳಿಸುವುದು ಎಂದರೆ ಕೆಳಗೆ ಇಳಿಸುವುದು, ಇದಕ್ಕೆ ಫಿಟ್ಟರ್ ಯಾಕೆ ಬೇಕು ಎಂದುಕೊಂಡೆ. ಬೆಳಿಗ್ಗೆ ಅವರು ಬರುವ ಮೊದಲೇ ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಇಟ್ಟಿಗೆ ಜೋಡಿಸಿ, ಎಂಜಿನ್ನಿನ ಕೆಳಗೆ ಹಲಗೆ ಇಟ್ಟು ಒಳಗೆ ತೂರಿದೆ. ನೆತ್ತಿಯ ಮೇಲೆ ಚೈನ್ ನೇತಾಡುತ್ತಿತ್ತು. ಅದರ ಕೆಲಸ ಎಂಜಿನ್ ಕೆಳಗೆ ಬಂದ ಮೇಲೆ ಎಂದುಕೊಂಡಿತ್ತು ಈ ಭೌತಶಾಸ್ತ್ರದ ತಲೆ. ಎಂಜಿನ್ ಕೂತ ಎಡಗಡೆಯ ಬೋಲ್ಟ್ ತೆಗೆದೆ. ಬಲಗಡೆಯದನ್ನು ಅರ್ಧ ತಿರುಗಿಸಿದ್ದೆನಷ್ಟೆ, ಇಡೀ ಎಂಜಿನ್ ಒಂದು ಪಕ್ಕಕ್ಕೆ ವಾಲಿ, ನನ್ನ ಎಡಗೈ ಅದಕ್ಕೂ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಎಳೆಯಲು ಬರಲಿಲ್ಲ. ಬಲಗೈ ಇನ್ನೂ ಪಾನಾದ ಮೇಲಿತ್ತು.

ಕಾಕಾನ ಚಪ್ಪಲಿ ಸದ್ದು ಕಾರಿನ ಪಕ್ಕ ನಿಂತಿತು.

"ಕೈ ಎಲ್ಲಿ ಅದ ಯವ್ವಾ?" ಎಂದರು. ದನಿ ಏರಿರಲಿಲ್ಲ. ಅವರು ನನ್ನನ್ನು ಯವ್ವಾ ಎಂದದ್ದು ಅದೇ ಮೊದಲು.

"ಎಂಜಿನ್ ಕೆಳಗೆ."

"ಎಂಜಿನ್ ಭಾರ ಯಾರ ಮ್ಯಾಲ ಅದ?"

ಪಾನಾ ಯಾವ ಬೋಲ್ಟಿನ ಮೇಲಿದೆ ಎಂದು ನೋಡಿದೆ. "ಬಲಗಡಿ ಬೋಲ್ಟಿನ ಮ್ಯಾಲ," ಎಂದೆ, ಅವರದೇ ಮಾತಿನಲ್ಲಿ.

"ಹಂಗಾರ ಪಾನಾ ಬಿಡು. ಉಸರಾಡು. ಅಳ್ಳಾಡಬ್ಯಾಡ."

ಮೇಲೆ ಚೈನ್ ಕಟಕಟ ಎಂದಿತು. ಕೊಕ್ಕೆ ಸಿಕ್ಕಿಸಿ, ಒಂದೊಂದೇ ಕೊಂಡಿ ಎಳೆದರು. ಕೈ ಮೇಲಿನ ಒತ್ತು ನಿಧಾನವಾಗಿ ಹಗುರಾಯಿತು.

"ಈಗ ಚೈನ್ ಮ್ಯಾಲ ಅದ. ಈಗ ಹೊರಗ ಬಾ."

ಅಂಗೈ ನೀಲಿಯಾಗಿತ್ತು, ಬೆರಳು ಐದೂ ಇದ್ದವು. ಅವರು ಎಣಿಸಿ ನೋಡಿದರು. ಆಮೇಲೆ ಬೈಗುಳ ಶುರುವಾಯಿತು.

"ಇಳಸೂದು ಅಂದ್ರ ಕೆಳಗ ಅಂತ ಯಾರ್ ಹೇಳ್ಯಾರ? ತೊಟ್ಟಲದಾಗಿನ ಕೂಸು ಇಳಸಬೇಕಂದ್ರ ತೊಟ್ಟಲಕ್ಕ ತೂತು ಹೊಡೀತೀರೇನು? ಮದ್ಲ ಮ್ಯಾಲ ಎತ್ತಬೇಕು, ಆಮ್ಯಾಲ ಇಳಸಬೇಕು. ಏನು ಕಲಸ್ತೀರಿ ಕಾಲೇಜಿನಾಗ?"

"ಭೌತಶಾಸ್ತ್ರ. ಭಾರ, ಬಲ, ಇಂಥವು."

ಬೀಡಿ ಹಚ್ಚಿಕೊಂಡರು. "ಪಾಪ, ಮಕ್ಕಳು," ಎಂದರು.

ಎಂಜಿನ್ ಅವತ್ತೇ ಹೊರಗೆ ಬಂತು, ಮೇಲಿನಿಂದ. ಗೇರ್‌ಪೆಟ್ಟಿಗೆಗೆ ಕೆಳಗಿನಿಂದ ಜಾಕ್ ಕೊಟ್ಟು, ಎಂಜಿನ್ನನ್ನು ಮುಂದಕ್ಕೆಳೆದು ಎತ್ತಿದೆವು. ಯುಗಾದಿಗೆ ಇನ್ನೂ ಒಂಬತ್ತು ದಿನ ಇತ್ತು. ಅಣ್ಣ ಬಂದು ನೋಡಿ, ಗುಜರಿಯವನಿಗೆ ಬರಬೇಡ ಎಂದು ಫೋನ್ ಮಾಡಿದ. ಕಾಕಾ ನನ್ನನ್ನು ಹೊಗಳಲಿಲ್ಲ. ನಾನೂ ಉಪಕಾರವಾಯಿತು ಎನ್ನಲಿಲ್ಲ. ನಾಳೆ ಅಂದರಾಯಿತು ಎಂಬ ಜಂಬ.

ಆ ವರ್ಷ ದೀಪಾವಳಿಯ ಮುಂಚೆ ಅವರು ತೀರಿಕೊಂಡರು. ಅವರ ಊರು ಚೀಕಲಪರ್ವಿಯಲ್ಲಿ, ಹೊಳೆದಂಡೆಯ ಹೊಲದಲ್ಲಿ ಮಣ್ಣು ಮಾಡಿದರು. ನಾನು ಹೋಗಿದ್ದೆ. ವಿಭೂತಿ ಹಚ್ಚಿ ಕೂಡಿಸಿದ ದೇಹ, ಮಡಿಲಲ್ಲಿ ಆ ಮೊಂಡು ಬೆರಳು. ನಾಲ್ವರು ಬಟ್ಟೆಯ ಮೂಲೆ ಹಿಡಿದು ಕುಣಿಯ ಅಂಚಿಗೆ ತಂದರು. "ಇಳಸ್ರಿ," ಎಂದು ಯಾರೋ ಅಂದರು. ಹಿಂದಿನ ಒಂದು ಮೂಲೆ ಸಡಿಲಾಗಿ ನೆಲಕ್ಕೆ ತಾಗುತ್ತಿತ್ತು.

"ತಡೀರಿ," ಎಂದೆ. "ಭಾರ ಯಾರ ಮ್ಯಾಲ ಅದ?"

ಎಲ್ಲರೂ ತಿರುಗಿ ನೋಡಿದರು, ತಲೆ ನೆಟ್ಟಗಿಲ್ಲದ ಹೆಂಗಸನ್ನು ನೋಡುವ ಹಾಗೆ. ಆಮೇಲೆ ಹಿಂದಿದ್ದವನು ತನ್ನ ಮೂಲೆಯನ್ನು ಬಿಗಿಯಾಗಿ ಹಿಡಿದ. ಮೊದಲು ತುಸು ಮೇಲೆತ್ತಿದರು. ಆಮೇಲೆ ಇಳಿಸಿದರು.