ಜಪಾನಿನವರು ಹಿಡಿದ ಬಾಡಿಗೆ ಕಾರು

ಪಕ್ಕದ ಮನೆಯ ಅಣ್ಣ ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಬಾಡಿಗೆಗೆ ಅಂಬಾಸಿಡರ್ ಕಾರು ಓಡಿಸುತ್ತಿದ್ದ. ತೊಂಬತ್ತರ ದಶಕದ ಕೊನೆ. ನಾನು ಬಿ.ಎಡ್. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದೆ. ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಅವನು ನಮ್ಮ ಬಾಗಿಲಲ್ಲಿ ನಿಂತು ಅಮ್ಮನನ್ನು ಕೂಗಿದ.

“ಅಕ್ಕಾ, ಮಗಳನ್ನ ವಸಿ ಕಳ್ಸಕ್ಕಾ. ಜಪಾನ್‌ನೋರು ಇಬ್ರು ರೈಲಿಂದ ಇಳಿದವ್ರೆ. ಹಳೇಬೀಡು, ಬೇಲೂರು ನೋಡ್ಬೇಕಂತೆ. ಒಂದು ಮಾತೂ ತಿಳೀತಿಲ್ಲ.”

“ಇವಳಿಗೆಲ್ಲಿ ಬತ್ತದಪ್ಪಾ ಜಪಾನ್ ಭಾಷೆ?”

“ಅವ್ರೂ ಬುದ್ಧನೋರು, ನೀವೂ ಬುದ್ಧನೋರು. ಹೆಂಗೋ ಹೊಂದ್ಕೊಳ್ತದೆ ಬಿಡಕ್ಕಾ.”

ಅವನು ತಮಾಷೆ ಮಾಡುತ್ತಿರಲಿಲ್ಲ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ನಡುಮನೆಯಲ್ಲಿ ಬುದ್ಧನ ಫೋಟೊ ಒಂದೇ ಉಳಿದಿತ್ತು. ಅದನ್ನು ದಿನಾ ನೋಡುತ್ತಿದ್ದ ಅಣ್ಣನಿಗೆ ಅಷ್ಟು ನಂಟು ಸಾಕೆನ್ನಿಸಿತ್ತು. ನನಗೆ ಬರುತ್ತಿದ್ದದ್ದು ಪುಸ್ತಕದಲ್ಲಿ ಓದಿದ ಇಂಗ್ಲಿಷು. ಬಾಯಿಬಿಟ್ಟು ಆಡಿ ಅಭ್ಯಾಸವಿರಲಿಲ್ಲ. ಆದರೂ ದುಪಟ್ಟಾ ಸರಿಮಾಡಿಕೊಂಡು ಹೊರಟೆ. ಪರದೇಶದವರನ್ನು ಹತ್ತಿರದಿಂದ ನೋಡುವ ಆಸೆ ನನಗೂ ಇತ್ತು.

ಕಾರಿನ ಪಕ್ಕದಲ್ಲಿ ಗಂಡ ಹೆಂಡತಿ ನಿಂತಿದ್ದರು. ಗಂಡನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಟ್ಟೆಯ ಟೋಪಿ, ನಿವೃತ್ತ ಹೆಡ್‌ಮಾಸ್ಟರರ ಹಾಗೆ ನೆಟ್ಟಗಿನ ನಿಲುವು. ಹೆಂಡತಿ ಕುಳ್ಳಗೆ, ಚುರುಕಾಗಿದ್ದರು. ನನ್ನನ್ನು ಕಂಡೊಡನೆ ಬ್ಯಾಗಿನಿಂದ ತಮ್ಮ ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸಿ, ಅಣ್ಣನ ಮುಂದೆ ಕೈಚಾಚಿದರು.

“ಕೀ. ಐ ಡ್ರೈವ್.”

“ಏನಂತೆ?” ಅಂದ ಅಣ್ಣ.

“ಕಾರನ್ನ ತಾವೇ ಓಡಿಸ್ತಾರಂತೆ. ನೀನು ಬರೋದು ಬೇಡವಂತೆ.”

“ಕಾರು ಕೊಟ್ಬುಟ್ಟು ನಾನಿಲ್ಲಿ ಕುಂತ್ಕಳ್ಳನಾ? ಬಾಡಿಗೆ ಕಾರು ಅಂದ್ರೆ ಡ್ರೈವರ್ರೂ ಸೇರೇ ಇರ್ತಾನೆ ಅಂತ ಹೇಳಮ್ಮ.”

ನನಗೆ ಬಂದ ಹಾಗೆ ಹೇಳಿದೆ. ಅವರ ದೇಶದಲ್ಲಿ ಕಾರನ್ನು ಮಾತ್ರ ಬಾಡಿಗೆಗೆ ಕೊಡುತ್ತಾರೆ ಎಂದು ಆಕೆ ಕೈಸನ್ನೆ ಮಾಡಿ ತಿಳಿಸಿದರು. ಅಣ್ಣ ಆಗದೆಂದು ತಲೆಯಾಡಿಸಿಬಿಟ್ಟ. ಆಕೆ ಒಮ್ಮೆ ಗಂಡನನ್ನು, ಒಮ್ಮೆ ನಮ್ಮಿಬ್ಬರನ್ನು ನೋಡಿ ಲೈಸೆನ್ಸನ್ನು ಬ್ಯಾಗಿಗೆ ಹಾಕಲು ಬಹಳ ಹೊತ್ತು ಹಿಂದುಮುಂದು ನೋಡಿದರು. ಇಷ್ಟಕ್ಕೆ ಇಷ್ಟೊಂದು ಯೋಚನೆ ಏಕೆಂದು ನನಗಾಗ ಹೊಳೆಯಲಿಲ್ಲ. ಕೊನೆಗೆ ಗಂಡನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವರ ಪಕ್ಕದ ಬಾಗಿಲನ್ನು ಲಾಕ್ ಮಾಡಿ, ಎಳೆದು ನೋಡಿ, ಇನ್ನೊಂದು ಕಡೆಯಿಂದ ತಾವು ಹತ್ತಿದರು. ನಾನು ಮುಂದೆ ಅಣ್ಣನ ಪಕ್ಕ ಕೂತೆ.

ಜಾವಗಲ್ಲಿನ ದಾರಿಯುದ್ದಕ್ಕೂ ಆಕೆ ಗಂಡನ ಕಿವಿಯ ಹತ್ತಿರ ಮೆಲ್ಲಗೆ ಏನೋ ಹೇಳುತ್ತಲೇ ಇದ್ದರು. ಅವರು ತಲೆದೂಗುತ್ತಿದ್ದರು. ರಸ್ತೆಯ ಮೇಲೆ ಒಕ್ಕಣೆಗೆಂದು ಹರಡಿದ್ದ ಹುರುಳಿಯ ಮೇಲೆ ಕಾರು ಹತ್ತಿದಾಗ ಇಬ್ಬರೂ ಗಾಬರಿಯಾದರು. “ಟೆಲ್ ದೆಮ್ ಸಾರಿ” ಎಂದು ಆಕೆ ನನಗೆ ಹೇಳಿದರು. ಹತ್ತಿಸಲೆಂದೇ ಹರಡಿದ್ದಾರೆ ಎಂದು ವಿವರಿಸುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಹಿಂದಕ್ಕೆ ತಿರುಗಿ “ಬುದ್ಧಂ ಸರಣಂ ಗಚ್ಛಾಮಿ” ಅಂದೆ. ಆಕೆ ಮರ್ಯಾದೆಗೆ ಕೈಮುಗಿದರು. ಅಲ್ಲಿಗೆ ನಮ್ಮ ಮಾತು ಮುಗಿಯಿತು.

“ನೋಡ್ದ್ಯಾ? ನಾನ್ ಹೇಳ್ಲಿಲ್ವಾ?” ಅಂದ ಅಣ್ಣ, ಖುಷಿಯಿಂದ.

ಹಳೇಬೀಡಿನ ಗುಡಿಯ ಮುಂದೆ ಆಕೆಯೇ ಬಗ್ಗಿ ಗಂಡನ ಬೂಟಿನ ಲೇಸು ಬಿಚ್ಚಿದರು. ಕಟ್ಟೆ ಹತ್ತಿ ಇಬ್ಬರೂ ಹೊರಗೋಡೆಯ ಆನೆಗಳ ಸಾಲನ್ನು ನೋಡುತ್ತ ನಿಧಾನಕ್ಕೆ ನಡೆದರು. ಆಕೆಯ ಒಂದು ಕೈ ಸದಾ ಗಂಡನ ತೋಳಿನ ಮೇಲೇ ಇತ್ತು. ಕ್ಯಾಮೆರಾ ಎತ್ತುವಾಗ ಮಾತ್ರ ಆ ಕೈ ಬಿಡಬೇಕಾಯಿತು. ಅಷ್ಟರಲ್ಲೇ ಯಾವುದೋ ಶಾಲೆಯ ಪ್ರವಾಸದ ಮಕ್ಕಳು ಹೋ ಎಂದು ನಡುವೆ ನುಗ್ಗಿದರು. ಅವರೆಲ್ಲ ದಾಟಿಹೋದ ಮೇಲೆ ನೋಡಿದರೆ ಆ ಹಿರಿಯರು ಇರಲಿಲ್ಲ.

ಗುಡಿಯನ್ನು ಸುತ್ತಿ ಬಂದೆವು. ನಂದಿಮಂಟಪದ ಹಿಂದೆಯೂ ಇಲ್ಲ. ಅವರ ಬೂಟು ಬಿಟ್ಟಲ್ಲೇ ಇತ್ತು.

“ಓತೋಸಾನ್! ಓತೋಸಾನ್!” ಎಂದು ಆಕೆ ಕೂಗತೊಡಗಿದರು.

ಕಾವಲಿನವನು ನನ್ನನ್ನು ಕೇಳಿದ: “ಹೆಸ್ರೇನಮ್ಮಾ ಅವ್ರದ್ದು? ಎಲ್ಲಿ ಉಳ್ಕೊಂಡವ್ರೆ? ಮಾತು ಬತ್ತದಾ?”

ಆಕೆಯ ಕಡೆ ತಿರುಗಿ “ನೇಮ್? ನೇಮ್?” ಅಂದೆ. “ಓತೋಸಾನ್” ಅಂದರು. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಕಾವಲಿನವನು, ಎಳನೀರಿನವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ದಿಕ್ಕಿಗೊಬ್ಬರಾಗಿ “ಓತೋಸಾನ್” ಎಂದು ಕೂಗುತ್ತ ಹೊರಟರು.

ಅಣ್ಣ ಮಾತ್ರ ಕೂಗಲಿಲ್ಲ. ಗುಡಿಯ ಆಚೆಗಿನ ದೊಡ್ಡ ಕೆರೆಯ ಕಡೆ ಒಮ್ಮೆ ನೋಡಿ ಬಿರಬಿರನೆ ಅತ್ತ ನಡೆದ. ಅವನು ನೋಡಿದ್ದು ಎತ್ತ ಎಂದು ಆಕೆಗೂ ತಿಳಿಯಿತು. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುಖಕ್ಕೆ ಮುಖ ಕೊಟ್ಟು, ಏನೇನೋ ಕೇಳಿದರು. ಎಲ್ಲವೂ ಅವರ ಭಾಷೆಯಲ್ಲಿ. ‘ಏನೂ ಆಗಿರುವುದಿಲ್ಲ, ಸಿಗುತ್ತಾರೆ, ಧೈರ್ಯವಾಗಿರಿ’ ಎಂದು ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು “ನೋ ಪ್ರಾಬ್ಲಂ.” ಆಕೆ ನನ್ನನ್ನೇ ದಿಟ್ಟಿಸಿದರು. ಬೇರೆ ಮಾತು ಸಿಗದೆ ಮತ್ತೆ “ನೋ ಪ್ರಾಬ್ಲಂ” ಅಂದೆ.

ಹತ್ತಿರದಲ್ಲೇ ಇದ್ದ ಬಸ್ತಿಹಳ್ಳಿಯ ಬಸದಿಯಲ್ಲಿ ನಿಂತಿರುವ ಎತ್ತರದ ಜಿನಮೂರ್ತಿಯನ್ನು ಬುದ್ಧನೆಂದುಕೊಂಡು ಒಳಗೆ ಹೋಗಿರಬಹುದೇ ಎಂದು ನನಗನ್ನಿಸಿತು. ಆಕೆಯ ಕೈಹಿಡಿದು ಆ ದಾರಿಯಲ್ಲಿ ಓಡಿದೆ. ಬಸದಿಯ ಒಳಗೆ ತಂಪಾದ ಕತ್ತಲೆ, ಕಪ್ಪಗೆ ಹೊಳೆಯುವ ಕಂಬಗಳು. ಯಾರೂ ಇರಲಿಲ್ಲ. ಆಕೆ ಕಂಬಕ್ಕೆ ಹಣೆ ಆನಿಸಿ ನಿಂತುಬಿಟ್ಟರು. ಬೆನ್ನು ಸವರಲೇ ಬೇಡವೇ ಎಂಬುದೂ ತಿಳಿಯದೆ ನಾನು ಪಕ್ಕದಲ್ಲಿ ನಿಂತಿದ್ದೆ.

ಹೊರಗೆ ಯಾರೋ ಹೆಂಗಸು ಕೂಗಿದಳು: “ಟೋಪಿ ಹಾಕಿರೋ ಯಜಮಾನ್ರಾ? ಇಲ್ಲೇ ಅವ್ರೆ ಬನ್ನಿ, ಅಜ್ಜಿ ಮನೆತಾವ!”

ಬೀದಿಯ ಕೊನೆಯ ಮನೆಯ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಅವರೆಕಾಯಿಯ ರಾಶಿ ಸುರಿದುಕೊಂಡು, ಒಬ್ಬ ಅಜ್ಜಿ ಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕಾಲುಚೀಲಕ್ಕೆಲ್ಲ ಕೆಂಧೂಳು ಮೆತ್ತಿಸಿಕೊಂಡ ಆ ಹಿರಿಯರು, ತಲೆ ತಗ್ಗಿಸಿ, ಬಹಳ ಶ್ರದ್ಧೆಯಿಂದ ತಾವೂ ಸುಲಿಯುತ್ತಿದ್ದರು.

“ಯಾರ ಮನೇವ್ರೋ ಕಾಣೆ ಕಣವ್ವ,” ಅಂದಳು ಅಜ್ಜಿ. “ಬಂದ್ರು, ಕುಂತ್ರು, ಕಾಯಿ ಎತ್ಕಂಡ್ರು. ನಾನೂ ಮಾತಾಡ್ದೆ, ಅವ್ರೂ ಮಾತಾಡಿದ್ರು.”

“ಏನಂದ್ರಜ್ಜಿ?”

“ನಂಗೇನ್ ಗೊತ್ತು? ಬೆಳಗ್ಗಿಂದ ಒಬ್ಳೇ ಸುಲೀತಿದ್ದೆ. ಜೊತೆಯಾದ್ರು.”

ಆಕೆ ಗಂಡನನ್ನು ಬೈಯಲಿಲ್ಲ, ಅಳಲೂ ಇಲ್ಲ. ಮೊದಲು ಅಜ್ಜಿಯ ಮುಂದೆ ಮಂಡಿಯೂರಿ, ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದರು. “ಅಯ್ಯೋ, ಏಳವ್ವ, ಇದೇನ್ ಮಾಡ್ತೀಯ!” ಎಂದು ಅಜ್ಜಿ ಹಿಂದೆ ಸರಿದಳು. ಆಮೇಲೆ ಆಕೆ ನನ್ನ ಕಡೆ ತಿರುಗಿ, ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ, ಕೈಯನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದರು. ಒಳಗಿದ್ದದ್ದೆಲ್ಲ ಹಾರಿಹೋಯಿತು ಎಂಬಂತೆ.

“ಅರಳುಮರಳು ಅನ್ನು,” ಅಂದಳು ಅಜ್ಜಿ. ಬೆಳಿಗ್ಗೆ ಕಾರಿನಲ್ಲಿ ತಾವಿಬ್ಬರೇ ಹೋಗಬೇಕೆಂದು ಆಕೆ ಹಟ ಹಿಡಿದದ್ದು ಏಕೆಂದು ನನಗೆ ತಿಳಿದದ್ದು ಆಗ. ಗಂಡನ ಈ ಸ್ಥಿತಿಯನ್ನು ಬೇರೆಯವರು ನೋಡಬಾರದಿತ್ತು.

ಕೆರೆಯ ದಂಡೆಯೆಲ್ಲ ಹುಡುಕಿ ಬಂದಿದ್ದ ಅಣ್ಣ ಬೇಲೂರಿನ ದಾರಿಯಲ್ಲಿ ನನ್ನಿಂದ ಕೇಳಿಸಿದ: “ಓತೋಸಾನ್ ಅಂತ ಹೆಸ್ರೂ ಇರ್ತದಾ ಕೇಳಮ್ಮ.”

ಕೇಳಿದೆ. “ನೋ ನೇಮ್. ಫಾದರ್,” ಅಂದರು ಆಕೆ.

“ಅಪ್ಪನಾ? ಗಂಡ ಅನ್ಕೊಂಡಿದ್ನಲ್ಲ!” ಅಂದ ಅಣ್ಣ. ನಾನು ಆಕೆಗೆ “ಹಸ್ಬೆಂಡ್?” ಅಂದೆ.

“ಹಸ್ಬೆಂಡ್. ಮೈ ಸನ್, ಫಾದರ್.”

ಅಣ್ಣನಿಗೆ ನನಗಿಂತ ಮೊದಲು ತಿಳಿಯಿತು. “ಗಂಡನ ಹೆಸ್ರು ಹಿಡಿಯಲ್ಲ ಕಣಮ್ಮ. ಮಗನ ಅಪ್ಪ ಅಂತಾರೆ. ನಮ್ಮವ್ವನೂ ಹಂಗೇ.” ಅದನ್ನು ಹೇಗೋ ಆಕೆಗೆ ದಾಟಿಸಿದೆ. ಆ ದಿನ ಆಕೆ ನಕ್ಕದ್ದು ಆಗೊಮ್ಮೆ ಮಾತ್ರ. ಆಮೇಲೆ ತುಂಡುತುಂಡು ಇಂಗ್ಲಿಷಿನಲ್ಲಿ, ಗಂಡ ಚರಿತ್ರೆಯ ಮೇಷ್ಟರಾಗಿದ್ದರು, ಈ ಗುಡಿಗಳನ್ನು ನೋಡಬೇಕೆಂಬುದು ಅವರ ಬಹಳ ವರ್ಷದ ಆಸೆ ಎಂದು ಹೇಳಿದರು.

ಬೇಲೂರಿನಲ್ಲಿ ಹಿರಿಯರು ಕಾರಿನಿಂದ ಇಳಿಯಲೊಪ್ಪಲಿಲ್ಲ. ಆಕೆ ಎಷ್ಟು ಕರೆದರೂ ಮುಂದಿನ ಸೀಟನ್ನು ಹಿಡಿದು ಕೂತೇ ಇದ್ದರು. ನಾನು ಕೂತಿರುತ್ತೇನೆ, ನೀವು ಹೋಗಿಬನ್ನಿ ಎಂದು ಸನ್ನೆ ಮಾಡಿದೆ. ಆಕೆ ಕ್ಯಾಮೆರಾ ಹಿಡಿದು, ತಿರುತಿರುಗಿ ನೋಡುತ್ತ ಗೋಪುರದ ಒಳಗೆ ಹೋದರು. ಅಣ್ಣ ಹಿರಿಯರಿಗೆ ಟೀ ತರಲು ಹೋದ.

ನಾವಿಬ್ಬರೇ ಉಳಿದಾಗ ಅವರು ಮಾತಾಡಲು ಶುರುಮಾಡಿದರು. ಸಮಾಧಾನದ ಧ್ವನಿ, ಪಾಠ ಹೇಳುವವರ ಹಾಗೆ ನಡುನಡುವೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು “ಹೂಂ” ಅನ್ನುತ್ತಿದ್ದೆ. ಕೊನೆಗೆ ಒಂದು ಪ್ರಶ್ನೆ ಕೇಳಿದರು. ಪ್ರಶ್ನೆಯೆಂಬುದು ಧ್ವನಿಯಲ್ಲೇ ತಿಳಿಯಿತು. ಇನ್ನೊಮ್ಮೆ, ಬಿಡಿಸಿ ಬಿಡಿಸಿ ಕೇಳಿ ಉತ್ತರಕ್ಕೆ ಕಾದರು. ಕಾಯಿಸುವುದು ನನ್ನಿಂದಾಗಲಿಲ್ಲ.

“ಹೂಂ,” ಅಂದೆ.

ಅವರ ಮುಖ ಅರಳಿತು. ತಕ್ಷಣ ಬಾಗಿಲು ತೆಗೆದು ಇಳಿದು, ಟೋಪಿ ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು. ನಾನೂ ಇಳಿದು ಓಡಿ ಅವರ ಮಣಿಕಟ್ಟು ಹಿಡಿದುಕೊಂಡೆ. ಅಪ್ಪನಿಗಿಂತ ದೊಡ್ಡವರು, ಗುರುತು ಪರಿಚಯವಿಲ್ಲದವರು. ಅವರು ನನ್ನ ಕೈಯನ್ನು ನೋಡಿದರು, ಬಿಡಿಸಿಕೊಳ್ಳಲಿಲ್ಲ. ಅರಳಿದ್ದ ಮುಖ ಮೆಲ್ಲಗೆ ಬಾಡಿತು. ಆಕೆ ಬರುವ ತನಕ ರಸ್ತೆಯ ಬದಿಯಲ್ಲಿ ಹಾಗೇ ನಿಂತಿದ್ದೆವು. ಆಕೆ ಬಂದದ್ದು ಬಹಳ ಬೇಗ. ಒಳಗೆ ಏನನ್ನಾದರೂ ನೋಡಿದರೋ ಇಲ್ಲವೋ.

ಸಂಜೆ ಅರಸೀಕೆರೆಯಲ್ಲಿ ಅವರನ್ನು ಬೆಂಗಳೂರಿನ ರೈಲು ಹತ್ತಿಸಿದೆವು. ಅಣ್ಣ ಸಾಮಾನು ಇಟ್ಟುಕೊಟ್ಟ. ಕಿಟಕಿಯ ಪಕ್ಕ ಕೂತ ಹಿರಿಯರು ಪ್ಲಾಟ್‌ಫಾರಮ್ಮಿನಲ್ಲಿದ್ದ ನನ್ನನ್ನು ಕಂಡು ಮತ್ತೆ ಅದೇ ಪ್ರಶ್ನೆ ಕೇಳಿದರು. ಧ್ವನಿಯ ಏರಿಳಿತದಿಂದಲೇ ಗುರುತು ಹಿಡಿದೆ.

“ವಾಟ್?” ಎಂದು ಆಕೆಯನ್ನು ಕೇಳಿದೆ. “ವಾಟ್ ಹೀ ಆಸ್ಕಿಂಗ್?”

ಆಕೆಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದರು. ಇಂಗ್ಲಿಷಿನ ಪದಕ್ಕಾಗಿ ಹುಡುಕಿದರು, ಕೈಯಲ್ಲಿ ಏನೋ ತೋರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಸಿಗಲಿಲ್ಲ. ತಲೆಯಾಡಿಸಿ, “ಸಾರಿ,” ಅಂದರು.

ರೈಲು ಹೊರಟಿತು. ಅಣ್ಣ ಕೈಬೀಸುತ್ತಿದ್ದ. ನಾನು ಕಿಟಕಿಯ ಜೊತೆ ಸ್ವಲ್ಪ ದೂರ ನಡೆದೆ. ಆ ಹಿರಿಯರು ಆಗಲೂ ನನ್ನ ಮುಖವನ್ನೇ ನೋಡುತ್ತಿದ್ದರು.